ಕಳ್ಳ ತಾಳ, ಹುಲಿಮರಿ, ಐದು ಬಾಟಲಿ ನೀರು

ಮೊದಲನೇ ದಿನ ನಾನು ಮಾಡಿದ ತಪ್ಪು ಏನಪ್ಪಾ ಅಂದ್ರೆ ಬ್ಯಾಗ್ ತೆಗೆದಿದ್ದು. ಎರಡನೇ ಕ್ಲಾಸು, ಮೂವತ್ತೆರಡು ಮಕ್ಕಳು, ನಲವತ್ತು ನಿಮಿಷದ ಪೀರಿಯಡ್ಡು. ನನ್ ಬ್ಯಾಗಲ್ಲಿ ಎರಡು ಖಂಜಿರ, ಆರು ಜೊತೆ ತಾಳ, ಒಂದಷ್ಟು ಗೆಜ್ಜೆ, ಗಿಲಕಿ, ಒಂದು ಪುಟ್ಟ ಡ್ರಮ್ಮು. ಕೈಗೆ ಒಂದೊಂದು ಕೊಟ್ಬಿಟ್ರೆ ಮಕ್ಕಳು ಖುಷಿಯಾಗಿರ್ತಾರೆ, ಆಮೇಲೆ ನಿಧಾನಕ್ಕೆ ಪಾಠ ಶುರು ಮಾಡೋಣ ಅನ್ನೋದು ನನ್ ಲೆಕ್ಕ. ಖುಷಿ ಏನೋ ಆದ್ರು, ಪಾಠ ಮಾತ್ರ ಶುರುವಾಗ್ಲೇ ಇಲ್ಲ. ಡ್ರಮ್ ಸಿಕ್ಕವನು ಬಿಡಲ್ಲ, ಸಿಗದೇ ಇದ್ದವನು ಅಳು ನಿಲ್ಸಲ್ಲ, ನಾನು "ಸೈಲೆನ್ಸ್" ಅಂತ ಕಿರುಚಿದ್ದು ನನಗೇ ಕೇಳಿಸ್ಲಿಲ್ಲ. ಪಕ್ಕದ ಕ್ಲಾಸಲ್ಲಿ ಮ್ಯಾಥ್ಸ್ ತಗೋತಿದ್ದ ಮೇಡಂ ಬಾಗಿಲಿಗೆ ಬಂದು ನಿಂತು, ಏನೂ ಮಾತಾಡ್ದೆ ಒಂದ್ಸಲ ನನ್ನ ನೋಡಿ ವಾಪಸ್ ಹೋದ್ರು. ಬೈದಿದ್ರೆ ಎಷ್ಟೋ ವಾಸಿ ಇತ್ತು.

ಒಂಬತ್ತು ವರ್ಷ ಆಯ್ತು ಅದಾಗಿ. ಈಗ ಟರ್ಮಿನ ಮೊದಲ ಒಂದು ತಿಂಗಳು ನಾನು ಬರಿಗೈಲೇ ಕ್ಲಾಸಿಗೆ ಹೋಗೋದು. ಹೊಸದಾಗಿ ಸೇರೋ ಮ್ಯೂಸಿಕ್ ಟೀಚರ್‌ಗಳು ಆಗಾಗ ಕೇಳ್ತಿರ್ತಾರೆ, ಸಣ್ಣ ಮಕ್ಕಳಿಗೆ ಏನ್ ಮಾಡಿಸ್ತೀರ, ಒಂದು ಲಿಸ್ಟ್ ಕೊಡಿ ಅಂತ. ಲಿಸ್ಟ್ ಕೊಡೋಕೆ ನನಗೆ ಬರಲ್ಲ, ಆದ್ರೆ ನನ್ ಕ್ಲಾಸಲ್ಲಿ ಏನೇನು ಉಳ್ಕೊಂಡಿದೆ, ಏನೇನು ಬಿದ್ದು ಹೋಯ್ತು ಅಂತ ಬರೀಬಹುದು ಅನ್ಕೊಂಡು ಕೂತಿದೀನಿ.

ಕ್ಲಾಸಿಗೆ ಹೋದ ತಕ್ಷಣ ಗುಡ್ ಮಾರ್ನಿಂಗ್ ಕೂಡ ಹೇಳಲ್ಲ. ಬಾಗಿಲಲ್ಲೇ ನಿಂತು ನಾಲ್ಕು ಎಣಿಕೆಯ ಒಂದು ಚಪ್ಪಾಳೆ ಹೊಡೀತೀನಿ, ಅವರು ಅದನ್ನೇ ವಾಪಸ್ ಹೊಡೀಬೇಕು. ಇನ್ನೊಂದು ಹೊಡೀತೀನಿ, ಅದೂ ವಾಪಸ್ ಬರುತ್ತೆ. ಆಮೇಲೆ ತೊಡೆ, ಭುಜ, ಡೆಸ್ಕು, ಕೆನ್ನೆ ಉಬ್ಬಿಸಿ ಬೆರಳಿಂದ ಪಟ್ ಅನ್ಸೋದು, ಎಲ್ಲಾ ಸೇರ್ಕೊಳುತ್ತೆ. ಎರಡು ನಿಮಿಷದಲ್ಲಿ ಮೂವತ್ತು ಜನ ನನ್ ಕೈಯನ್ನೇ ನೋಡ್ತಿರ್ತಾರೆ, ನಾನಿನ್ನೂ ಬಾಯೇ ಬಿಟ್ಟಿರಲ್ಲ. ಗಂಟಲು ಉಳಿಯುತ್ತೆ, ದಿನಕ್ಕೆ ಆರು ಕ್ಲಾಸ್ ತಗೊಳ್ಳೋರಿಗೆ ಇದು ಸಣ್ಣ ವಿಷಯ ಅಲ್ಲ.

ಒಂದು ವಾರ ಹೀಗೆ ಆದ್ಮೇಲೆ ಕಳ್ಳ ತಾಳ ಬರುತ್ತೆ. "ತಾ ತಾ ತಕ ತಾ", ಇದು ಕಳ್ಳ, ಇದನ್ನ ಮಾತ್ರ ವಾಪಸ್ ಹೊಡೀಬಾರ್ದು, ಉಳಿದಿದ್ದೆಲ್ಲ ಹೊಡೀಬೇಕು. ಯಾರಾದ್ರೂ ಒಬ್ಬರು ಹೊಡೆದ್ರೂ ನನಗೊಂದು ಪಾಯಿಂಟ್, ಯಾರೂ ಹೊಡೀದೇ ಇದ್ರೆ ಕ್ಲಾಸಿಗೆ ಒಂದು ಪಾಯಿಂಟ್. ಈ ಆಟ ನಾನು ಕಂಡುಹಿಡಿದಿದ್ದಲ್ಲ, ಬೇರೆ ಬೇರೆ ಹೆಸರಲ್ಲಿ ಪ್ರಪಂಚದಲ್ಲೆಲ್ಲ ಮ್ಯೂಸಿಕ್ ಟೀಚರ್‌ಗಳು ಆಡಿಸ್ತಾರೆ. ಆದ್ರೆ ಇದರ ಒಳಗೇನು ನಡೆಯುತ್ತೆ ನೋಡಿ, ಮಗು ಮೊದಲು ಪೂರ್ತಿ ಕೇಳ್ಬೇಕು, ಆಮೇಲೆ ಮನಸಲ್ಲೇ ಹೋಲಿಸ್ಬೇಕು, ಆಮೇಲೆ ಏಳೋಕೆ ರೆಡಿ ಇರೋ ಕೈನ ಹಿಡ್ಕೋಬೇಕು. ಆರು ವರ್ಷದವರಿಗೆ ಕೈ ಹಿಡ್ಕೊಳ್ಳೋದೇ ಕಷ್ಟ, ಚಪ್ಪಾಳೆ ಹೊಡಿಯೋದಲ್ಲ. ನಾನು "ತಾ ತಾ ತಕ" ತನಕ ಹೊಡೆದು ಕೊನೇ "ತಾ" ಬದಲು ಸುಮ್ನಿದ್ರೆ ಅದು ಕಳ್ಳನೋ ಅಲ್ವೋ ಅಂತ ಒಂದ್ಸಲ ಜಗಳ ಬಿದ್ದಿತ್ತು, ಹತ್ತು ನಿಮಿಷ ವಾದ ಮಾಡಿದ್ರು, ಖಾಲಿ ಬಿಟ್ಟ ಜಾಗನೂ ತಾಳಕ್ಕೆ ಸೇರಿದ್ದೇ ಅಂತ ಅವರೇ ತೀರ್ಮಾನ ಮಾಡಿದ್ರು. ನಾನು ಪಾಠ ಮಾಡಿದ್ರೆ ಮೂರು ಪೀರಿಯಡ್ ಬೇಕಿತ್ತು ಅದಕ್ಕೆ.

ಇನ್ನು ಪ್ರಾಣಿಗಳ ಹೆಸರು. ಇದು ನನ್ ಅಚ್ಚುಮೆಚ್ಚು, ಸ್ವಲ್ಪ ಜಾಸ್ತಿನೇ ಬರೀತೀನಿ, ಬೇಜಾರಾದ್ರೆ ಮುಂದಕ್ಕೆ ಹೋಗಿ.

ಎಷ್ಟೋ ಪುಸ್ತಕದಲ್ಲಿ ರಿದಮ್ ಕಲಿಸೋಕೆ ಇಂಗ್ಲಿಷ್ ಪದಗಳನ್ನ ಕೊಟ್ಟಿರ್ತಾರೆ, ಅವು ಕನ್ನಡದ ಬಾಯಿಗೆ ಬೇರೆ ಥರ ಬೀಳುತ್ತೆ. ನಮ್ ಭಾಷೆಯಲ್ಲಿ ಮಾತ್ರೆ ಲೆಕ್ಕ ಪದದ ಒಳಗೇ ಕೂತಿದೆ, ಹೈಸ್ಕೂಲಲ್ಲಿ ಪ್ರಸ್ತಾರ ಹಾಕ್ತಿದ್ವಲ್ಲ, ಲಘು ಒಂದು ಮಾತ್ರೆ, ಗುರು ಎರಡು ಮಾತ್ರೆ ಅಂತ, ಅದೇ. ಮೊಲ ಅಂದ್ರೆ ಎರಡು ಲಘು, ಅದು ತಾಳದ ಮಾತಲ್ಲಿ "ತಕ". ನವಿಲು, ಕುದುರೆ, ಕರಡಿ, ಮೊಸಳೆ, ಅಳಿಲು, ಇವೆಲ್ಲ ಮೂರು ಲಘು, "ತಕಿಟ". ಹುಲಿಮರಿ ಅಂದ್ರೆ ನಾಲ್ಕು, ಅಚ್ಚುಕಟ್ಟಾಗಿ "ತಕಧಿಮಿ". ಆನೆನೂ ಮೂರೇ ಮಾತ್ರೆ, ಆದ್ರೆ ಆ ಎಳೆಯುತ್ತೆ, ಅದಕ್ಕೆ ಆನೆ ನಿಧಾನ ನಡೆಯುತ್ತೆ ಅಂತ ಮಕ್ಕಳೇ ಅರ್ಥ ಮಾಡ್ಕೊಂಡಿದಾರೆ, ನಾನು ತಿದ್ದೋಕೆ ಹೋಗಿಲ್ಲ.

ಈಗ ಪ್ರಾಣಿಗಳನ್ನ ಜೋಡಿಸಿ. ಮೊಲ ನವಿಲು ಅಂದ್ರೆ ಎರಡು ಮೂರು ಐದು, ಸಂಗೀತದಲ್ಲಿ ಐದರ ನಡೆಗೆ ಖಂಡ ಅಂತಾರೆ. ನವಿಲು ಹುಲಿಮರಿ ಅಂದ್ರೆ ಏಳು, ಅದು ಮಿಶ್ರ. ದೊಡ್ಡವರು ತಲೆ ಕೆರ್ಕೊಂಡು ಕಲಿಯೋ ನಡೆಗಳನ್ನ ಎರಡನೇ ಕ್ಲಾಸಿನ ಮಕ್ಕಳು ಬೋರ್ಡ್ ಮೇಲಿನ ಚಿತ್ರ ನೋಡ್ಕೊಂಡು ಆರಾಮಾಗಿ ಹೇಳ್ಕೊಂಡು ಹೋಗ್ತಾರೆ, ಏಳರ ತಾಳ ಕಷ್ಟ ಅಂತ ಯಾರೂ ಅವರಿಗೆ ಹೇಳಿಲ್ವಲ್ಲ, ಅದಕ್ಕೆ. ಖಂಡ ಮಿಶ್ರ ಅನ್ನೋ ಹೆಸರನ್ನ ನಾನು ಆಗ ಹೇಳೋದೂ ಇಲ್ಲ, ನಾಲ್ಕನೇ ಕ್ಲಾಸಿಗೆ ಬಂದಾಗ ಹೇಳಿದ್ರೆ ಸಾಕು, ಅಷ್ಟು ಹೊತ್ತಿಗೆ ಹೆಸರಿಡೋಕೆ ಒಂದು ವಸ್ತು ಅವರ ಹತ್ರ ಇರುತ್ತೆ.

ಎಲ್ಲಕ್ಕಿಂತ ಮಜಾ ಇರೋದು "ನವಿಲು ಕುದುರೆ ಮೊಲ". ಮೂರು ಮೂರು ಎರಡು, ಒಟ್ಟು ಎಂಟು. ಬಾಯಲ್ಲಿ ಹೇಳೋದು ಸುಲಭ. ಆದ್ರೆ ಕಾಲಲ್ಲಿ ಸಮವಾಗಿ ನಾಲ್ಕು ಹೆಜ್ಜೆ ಹಾಕ್ತಾ, ಅಂದ್ರೆ ಎರಡು ಮಾತ್ರೆಗೆ ಒಂದು ಹೆಜ್ಜೆ, ಪ್ರತಿ ಪ್ರಾಣಿಯ ಮೊದಲನೇ ಅಕ್ಷರಕ್ಕೆ ಚಪ್ಪಾಳೆ ಹೊಡಿಯೋಕೆ ಹೇಳಿ ನೋಡಿ. ನವಿಲು ಮೊದಲನೇ ಹೆಜ್ಜೆ ಮೇಲೆ ಬೀಳುತ್ತೆ, ಮೊಲ ಕೊನೇ ಹೆಜ್ಜೆ ಮೇಲೆ ಬೀಳುತ್ತೆ, ಕುದುರೆ ಮಾತ್ರ ಎರಡನೇ ಮೂರನೇ ಹೆಜ್ಜೆಗಳ ಮಧ್ಯೆ ಕಾಲು ಗಾಳೀಲಿರುವಾಗ ಬರುತ್ತೆ. ಎಲ್ರೂ ಎಡವೋದು ಅಲ್ಲೇ. ಒಬ್ಬಳು ಹುಡುಗಿ "ಮಿಸ್, ಕುದುರೆ ನಿಲ್ತಾನೇ ಇಲ್ಲ" ಅಂದ್ಲು, ಇದಕ್ಕಿಂತ ಚೆನ್ನಾಗಿ ಅದನ್ನ ವಿವರಿಸೋಕೆ ನನಗೂ ಬರಲ್ಲ. ಎರಡು ವಾರ ಬೇಕಾಯ್ತು ಆ ಕುದುರೆ ಹಿಡಿಯೋಕೆ, ಹಿಡಿದ ದಿನ ಕ್ಲಾಸಿಗೆ ಕ್ಲಾಸೇ ನಿಲ್ಸದೆ ಐದು ನಿಮಿಷ ನಡೀತು, ನಾನು ಮೂಲೆಗೆ ಹೋಗಿ ಸುಮ್ನೆ ನಿಂತ್ಕೊಂಡೆ.

ಹೆಜ್ಜೆ ಯಾಕೆ ಅಂದ್ರೆ, ಕೈಗಿಂತ ಮೊದಲು ಲಯ ಇರೋದು ಕಾಲಲ್ಲಿ. ಸ್ವಿಟ್ಜರ್ಲೆಂಡಿನ ಎಮೀಲ್ ಜಾಕ್ ಡಾಲ್ಕ್ರೋಜ್ ಅಂತ ಒಬ್ಬರು ಜಿನೀವಾದಲ್ಲಿ ದೊಡ್ಡ ದೊಡ್ಡ ಸಂಗೀತ ವಿದ್ಯಾರ್ಥಿಗಳಿಗೆ ಪಾಠ ಮಾಡ್ತಿದ್ರು, ಆ ವಿದ್ಯಾರ್ಥಿಗಳು ಹಾಳೆ ಮೇಲೆ ಎಲ್ಲಾ ಸರಿಯಾಗಿ ಬರೀತಿದ್ರಂತೆ, ಬರೆದಿದ್ದು ಕಿವಿಯಲ್ಲಿ ಕೇಳಿಸ್ತಿರ್ಲಿಲ್ಲ, ಲಯ ನಿಲ್ತಿರ್ಲಿಲ್ಲ, ಆದ್ರೆ ಅದೇ ಜನ ರಸ್ತೇಲಿ ನಡೆಯುವಾಗ ಹೆಜ್ಜೆ ಮಾತ್ರ ಪಕ್ಕಾ. ಅಲ್ಲಿಂದ ಅವರ ಇಡೀ ಪದ್ಧತಿ ಹುಟ್ಟಿದ್ದು, ಮೈಯಲ್ಲಿ ಮೊದಲು, ಹಾಳೆ ಮೇಲೆ ಆಮೇಲೆ. ನನ್ನ ಮೊದಲನೇ ದಿನದ ಬ್ಯಾಗ್ ನೆನಪಾದಾಗೆಲ್ಲ ಇವರೂ ನೆನಪಾಗ್ತಾರೆ. ನಮ್ ಆದಿತಾಳದ ಕ್ರಿಯೆನೂ ಇದೇ ತಾನೆ, ಒಂದು ಪೆಟ್ಟು, ಕಿರುಬೆರಳಿಂದ ಮೂರು ಎಣಿಕೆ, ಆಮೇಲೆ ಪೆಟ್ಟು ಬೀಸು ಪೆಟ್ಟು ಬೀಸು, ಎಂಟು. ಕೈಯೇ ನೋಟ್‌ಬುಕ್ಕು.

ತಾಳ ಆಯ್ತು, ಈಗ ದನಿ. ಇಲ್ಲಿ ನಾನು ಬಹಳ ದಿನ ಎಡವಿದ್ದೆ. "ಇನ್ನೂ ಸ್ವಲ್ಪ ಮೇಲೆ ಹಾಡಿ" ಅಂದ್ರೆ ಮಕ್ಕಳು ಜೋರಾಗಿ ಕಿರುಚ್ತಾರೆ. ಅವರ ತಪ್ಪಲ್ಲ, ಟಿವಿ ವಾಲ್ಯೂಮ್ ಮೇಲೆ ಮಾಡು ಅಂದ್ರೆ ಜೋರು ತಾನೆ. ಸ್ವರ ಮೇಲೆ ಹೋಗೋದು ಬೇರೆ, ಜೋರು ಬೇರೆ ಅನ್ನೋದನ್ನ ಬಾಯಲ್ಲಿ ಹೇಳಿ ಉಪಯೋಗ ಇಲ್ಲ. ನಾನು ಸೊಳ್ಳೆ ಮತ್ತೆ ಸಿಂಹ ಮಾಡಿಸ್ತೀನಿ, ಸೊಳ್ಳೆ ಸಣ್ಣ ಸದ್ದಲ್ಲೇ ಮೇಲಿನ ಸ್ವರ, ಸಿಂಹ ಕೆಳಗಿನ ಸ್ವರ ಆದ್ರೆ ಜೋರು. ಆಮೇಲೆ ಮಲಗಿರೋ ಸಿಂಹ, ಸಿಟ್ಟು ಬಂದಿರೋ ಸೊಳ್ಳೆ ಅಂತ ಉಲ್ಟಾ ಮಾಡಿದ್ರೆ ಎರಡೂ ಬೇರೆ ಬೇರೆ ಅಂತ ತಲೆಗೆ ಹೋಗ್ಬಿಡುತ್ತೆ.

ಇನ್ನೊಂದು ವಿಷಯ, ಶ್ರುತಿ, ಅಂದ್ರೆ ಹಾಡಿಗೆ ಆಧಾರವಾಗಿ ಇಟ್ಕೊಳ್ಳೋ ಸ. ನಮ್ಮ ಗಂಟಲಿಗೆ ಅನುಕೂಲ ಆಗೋ ಶ್ರುತಿ ಮಕ್ಕಳಿಗೆ ತುಂಬಾ ಕೆಳಗೆ. ಕೀಬೋರ್ಡಲ್ಲಿ ಮಧ್ಯದ ಸಿ ಇದ್ಯಲ್ಲ, ಅದರ ಪಕ್ಕದ ಡಿ ಇಂದ ಮೇಲಿನ ಎ ತನಕ ಸಣ್ಣ ಮಕ್ಕಳಿಗೆ ಆರಾಮ, ಅಂದ್ರೆ ಡಿ ನ ಸ ಮಾಡ್ಕೊಂಡ್ರೆ ಪ ತನಕ ಸಲೀಸು. ನಾನು ನನ್ನ ಅನುಕೂಲಕ್ಕೆ ಕೆಳಗೆ ಹಾಡಿದ ವರ್ಷ ಅರ್ಧ ಕ್ಲಾಸ್ ಗೊಗ್ಗರು ದನೀಲಿ ಗೊಣಗ್ತಿತ್ತು, ಇವರಿಗೆ ಶ್ರುತಿನೇ ಇಲ್ಲ ಅಂತ ಸ್ಟಾಫ್ ರೂಮಲ್ಲಿ ಹೇಳ್ಕೊಂಡು ಬೇರೆ ಬಂದಿದ್ದೆ. ಮುಂದಿನ ವರ್ಷ ಶ್ರುತಿ ಏರಿಸಿದೆ, ಅದೇ ಮಕ್ಕಳು ಹಾಡಿದ್ರು. "ನಿನಗೆ ಸಂಗೀತ ಬರಲ್ಲ, ಸುಮ್ನೆ ಬಾಯಿ ಆಡ್ಸು ಸಾಕು" ಅಂತ ಸ್ಟೇಜ್ ಪ್ರೋಗ್ರಾಂ ಹಿಂದಿನ ದಿನ ಹೇಳಿಸ್ಕೊಂಡವರು ಐವತ್ತು ವರ್ಷ ಆದ್ರೂ ಅದನ್ನ ಮರೆತಿರಲ್ಲ, ಅಂಥವರು ಎಷ್ಟು ಜನ ಪೇರೆಂಟ್ಸ್ ಆಗಿ ಬಂದು ನನ್ ಮುಂದೆ ಹೇಳಿದಾರೋ ಲೆಕ್ಕ ಇಲ್ಲ.

ಹಾಜರಿನೂ ನಾವು ಹಾಡಲ್ಲೇ ತಗೊಳ್ಳೋದು. ದೂರದಲ್ಲಿ ಇರೋರನ್ನ ರಾಗವಾಗಿ ಕರೀತೀವಲ್ಲ, ಮೊದಲನೇದು ಮೇಲೆ, ಎರಡನೇದು ಇಳಿಸಿ ಎಳೆದು, ಅದು ಹೆಚ್ಚುಕಮ್ಮಿ ಪ ಇಂದ ಗ ಗೆ ಇಳಿಯೋ ಇಳಿತ. ನಾನು ಪ-ಗ ಅಂತ ಹೆಸರು ಕರೀತೀನಿ, ಅವರು ಅದೇ ಪ-ಗ ದಲ್ಲಿ "ಇದೀನಿ" ಅಂತಾರೆ. ಹಂಗೇರಿಯ ಝೋಲ್ತಾನ್ ಕೊಡಾಯ್ ಅವರ ಪದ್ಧತಿಯಲ್ಲಿ ಮಕ್ಕಳ ಹಾಡು ಶುರುವಾಗೋದೇ ಈ ಎರಡು ಸ್ವರದಿಂದ, 1950ರಲ್ಲಿ ಅವರ ಹುಟ್ಟೂರು ಕೆಚ್ಕೆಮೇಟಲ್ಲಿ ದಿನಾ ಹಾಡಿಸೋ ಪ್ರೈಮರಿ ಸ್ಕೂಲೇ ಶುರುವಾಯ್ತು. ಹಾಜರಿ ಹಾಡಿನ ಲಾಭ ಏನಂದ್ರೆ, ಪ್ರತಿ ಮಗುವಿನ ಒಂಟಿ ದನಿ ಎರಡು ಸೆಕೆಂಡ್ ನನಗೆ ಕೇಳಿಸುತ್ತೆ, ಆದ್ರೆ ಯಾರಿಗೂ ಸೋಲೋ ಹಾಡ್ತಿದೀನಿ ಅನ್ನೋ ಭಯ ಇರಲ್ಲ. ಒಬ್ಬ ಹುಡುಗ ಜೂನ್‌ನಿಂದ ಸೆಪ್ಟೆಂಬರ್ ತನಕ ಹಾಡ್ಲೇ ಇಲ್ಲ, ಬರೀ ಕೈ ಎತ್ತುತ್ತಿದ್ದ. ಸರಿ, ಕೈ ಎತ್ತು ಅಂದೆ. ಅವನ ವಿಷಯ ಆಮೇಲೆ ಬರುತ್ತೆ.

ಸ್ವರಕ್ಕೆ ಕೈ ಸನ್ನೆ ಇದೆ, 19ನೇ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ಕರ್ವೆನ್ ಜನಪ್ರಿಯ ಮಾಡಿದ್ದು, ಕೊಡಾಯ್ ಪದ್ಧತಿಯವರು ಅದನ್ನ ತಗೊಂಡ್ರು. ನಾನದನ್ನ ಸ ರಿ ಗ ಕ್ಕೆ ಹಾಗೇ ಎತ್ಕೊಂಡಿದೀನಿ. ಸ ಅಂದ್ರೆ ಹೊಟ್ಟೆ ಹತ್ರ ಮುಷ್ಟಿ, ರಿ ಅಂದ್ರೆ ಮೇಲಕ್ಕೆ ಓರೆಯಾದ ಅಂಗೈ, ಗ ಅಂದ್ರೆ ನೆಲಕ್ಕೆ ಸಮನಾಗಿ ಚಪ್ಪಟೆ ಕೈ, ಪ ಅಂದ್ರೆ ಎದೆ ಕಡೆ ತಿರುಗಿದ ಅಂಗೈ, ಧ ಅಂದ್ರೆ ಮಣಿಕಟ್ಟು ಮೇಲೆತ್ತಿ ಬೆರಳು ಜೋತುಬಿದ್ದ ಕೈ. ಸ್ವರ ಏರಿದಂತೆ ಕೈನೂ ಏರುತ್ತೆ. ಇದರಲ್ಲಿ ನನಗೆ ಇಷ್ಟವಾದ ಆಟ, ಗೊತ್ತಿರೋ ಹಾಡನ್ನ ಸನ್ನೆ ಜೊತೆ ಹಾಡ್ತಾ ಹಾಡ್ತಾ ನಾನು ತುಟಿ ಮೇಲೆ ಬೆರಳಿಟ್ರೆ ಎಲ್ರೂ ದನಿ ನಿಲ್ಸಿ ಮನಸಲ್ಲೇ ಹಾಡ್ಬೇಕು, ಕೈ ಮಾತ್ರ ಓಡ್ಬೇಕು, ಬೆರಳು ತೆಗೆದಾಗ ಅಲ್ಲಿಂದಲೇ ಒಟ್ಟಿಗೆ ದನಿ ಬರ್ಬೇಕು. ಮೊದಮೊದಲು ಏನಾಗುತ್ತೆ ಅಂದ್ರೆ ದನಿ ನಿಂತ ತಕ್ಷಣ ಎಲ್ರೂ ಓಡ್ತಾರೆ, ಸುಮ್ನಿರೋ ಜಾಗ ಬೇಗ ಮುಗೀಲಿ ಅಂತ, ವಾಪಸ್ ಬರುವಾಗ ನಾಲ್ಕು ಗುಂಪು ನಾಲ್ಕು ಕಡೆ. ನಾನು ಹಾಡಿಸೋದಕ್ಕಿಂತ ಈ ಸುಮ್ನಿರೋದಕ್ಕೇ ಜಾಸ್ತಿ ಟೈಮ್ ಕೊಡ್ತೀನಿ.

ಯಾವ ಸ್ವರದಿಂದ ಶುರು ಮಾಡ್ಬೇಕು ಅನ್ನೋದ್ರಲ್ಲಿ ಸಂಗೀತ ಕಲಿತವರು ನನ್ನ ಜೊತೆ ಜಗಳ ಆಡ್ತಾರೆ. ಸರಳೆ ವರಸೆ, ಅಂದ್ರೆ ಮೊಟ್ಟಮೊದಲ ಸ್ವರ ಪಾಠನ, ಮಾಯಾಮಾಳವಗೌಳ ರಾಗದಲ್ಲಿ ಶುರು ಮಾಡೋದು ಪುರಂದರದಾಸರು ಹಾಕಿಕೊಟ್ಟ ದಾರಿ ಅಂತ ಪರಂಪರೆ ಹೇಳುತ್ತೆ, ಸ ರಿ ಗ ಮ ಹೇಗಿದೆಯೋ ಪ ಧ ನಿ ಸ ನೂ ಹಾಗೇ, ಒಂದು ಅರ್ಧ ಕಲಿತ್ರೆ ಇನ್ನೊಂದು ಅರ್ಧ ಬಂದ ಹಾಗೆ, ನಿಜಕ್ಕೂ ಜಾಣತನದ ಜೋಡಣೆ. ಒಬ್ಬೊಬ್ಬರನ್ನೇ ಎದುರಿಗೆ ಕೂರಿಸ್ಕೊಂಡು ಕಲಿಸೋದಾದ್ರೆ ನಾನೂ ಅದನ್ನೇ ಮಾಡ್ತೀನಿ. ಆದ್ರೆ ಮೂವತ್ತೆರಡು ಮಕ್ಕಳಿಗೆ ಸ ಪಕ್ಕದಲ್ಲೇ ಅಂಟ್ಕೊಂಡಿರೋ ಆ ರಾಗದ ರಿ, ಶುದ್ಧ ರಿಷಭ, ಒಟ್ಟಿಗೆ ನಿಲ್ಸೋದು ನನ್ನ ಕೈಲಾಗಿಲ್ಲ. ಅದಕ್ಕೆ ಸ ರಿ ಗ ಪ ಧ, ಮೋಹನ ರಾಗದ ಸ್ವರಗಳು, ಐದೇ. ಎಲ್ಲೂ ಅರ್ಧ ಸ್ವರದ ಅಂತರ ಇಲ್ಲ, ಯಾವುದರ ಜೊತೆ ಯಾವುದು ಬಾರಿಸಿದ್ರೂ ಕಿವಿಗೆ ಚುಚ್ಚಲ್ಲ. ಜರ್ಮನಿಯ ಕಾರ್ಲ್ ಓರ್ಫ್ ಮತ್ತೆ ಗುನಿಲ್ಡ್ ಕೇಟ್ಮನ್ ಮಕ್ಕಳಿಗೆ ಅಂತ ಮಾಡಿದ ಪದ್ಧತಿಯಲ್ಲೂ ಇದೇ, ಅವರ ಕ್ಸೈಲೋಫೋನಲ್ಲಿ ಪಟ್ಟಿಗಳನ್ನ ಎತ್ತಿ ತೆಗೀಬಹುದು, ಮ ಮತ್ತೆ ನಿ ಪಟ್ಟಿ ತೆಗೆದಿಟ್ರೆ ಮಗು ಹೇಗೆ ಬಾರಿಸಿದ್ರೂ ತಪ್ಪೇ ಆಗಲ್ಲ. ತಪ್ಪಾಗೋಕೆ ಜಾಗ ಇಲ್ಲ ಅಂದ್ರೆ ಮಕ್ಕಳು ಏನೇನು ಮಾಡ್ತಾರೆ ಅಂತ ಒಂದ್ಸಲ ನೋಡ್ಬೇಕು.

ಕುರ್ಚಿ ಆಟದ ಬಗ್ಗೆ ಒಂದೇ ಮಾತು. ಮ್ಯೂಸಿಕ್ ನಿಂತಾಗ ಕುರ್ಚಿ ಸಿಗದವರು ಔಟ್ ಅನ್ನೋ ಆಟ ನಾನು ಬಿಟ್ಟಿದೀನಿ. ಯಾರಿಗೆ ಕೇಳಿಸ್ಕೊಳ್ಳೋ ಅಭ್ಯಾಸ ಬೇಕೋ ಅವರೇ ಮೊದಲು ಹೊರಗೆ ಹೋಗಿ ಕೂರ್ತಾರೆ, ಕೊನೇಗೆ ಆಡೋರು ತಳ್ಳೋಕೆ ಗಟ್ಟಿ ಇರೋರು. ಈಗ ಕುರ್ಚಿ ತೆಗೀತೀನಿ, ಮಕ್ಕಳನ್ನ ತೆಗೆಯಲ್ಲ, ಇರೋ ಕುರ್ಚೀಲೇ ಎಲ್ರೂ ಹೇಗಾದ್ರೂ ಹೊಂದ್ಕೋಬೇಕು.

ಸದ್ದು ಜಾಸ್ತಿ ಆದ್ರೆ ಕಿವಿ ಮುಚ್ಕೊಳ್ಳೋ ಮಕ್ಕಳು ಪ್ರತಿ ಕ್ಲಾಸಲ್ಲೂ ಒಬ್ಬಿಬ್ಬರು ಇರ್ತಾರೆ, ಅವರಿಗೆ ಬಾಗಿಲ ಹತ್ರ ಜಾಗ, ಬೇಕಾದಾಗ ಹೊರಗೆ ಹೋಗ್ಬಹುದು, ಕೇಳ್ಬೇಕಾಗಿಲ್ಲ.

ಈಗ ಬಾಟಲಿ. ಒಂದೇ ಅಳತೆಯ ಐದು ಗಾಜಿನ ಬಾಟಲಿ, ನೀರು, ಪೆನ್ಸಿಲ್ಲು, ಅಷ್ಟೇ ಸಾಮಾನು. ಪೆನ್ಸಿಲಲ್ಲಿ ತಟ್ತಾ ತಟ್ತಾ ನೀರು ಹಾಕ್ಕೊಂಡು ಹೋದ್ರೆ ಸ್ವರ ಇಳಿಯುತ್ತೆ, ಹಾಗಾಗಿ ಸ ಬಾಟಲಿಗೆ ಎಲ್ಲಕ್ಕಿಂತ ಜಾಸ್ತಿ ನೀರು, ಧ ಬಾಟಲಿಗೆ ಕಮ್ಮಿ. ಇದನ್ನ ಮಕ್ಕಳು ಊಹೆ ಮಾಡುವಾಗ ಬಹುತೇಕ ಎಲ್ರೂ ಉಲ್ಟಾ ಹೇಳ್ತಾರೆ, ನೀರು ಮೇಲೆ ಬಂದ್ರೆ ಸ್ವರನೂ ಮೇಲೆ ಅಂತ. ಮಜಾ ಅಂದ್ರೆ ಅದೇ ಬಾಟಲಿ ಬಾಯಿಗೆ ತುಟಿ ಇಟ್ಟು ಊದಿದ್ರೆ ಅವರು ಹೇಳಿದ್ದೇ ಸರಿ, ನೀರು ಜಾಸ್ತಿ ಇದ್ರೆ ಸ್ವರ ಮೇಲೆ. ತಟ್ಟಿದಾಗ ನಡುಗೋದು ಗಾಜು, ನೀರು ಜಾಸ್ತಿಯಾದಷ್ಟು ಅದಕ್ಕೆ ಭಾರ, ನಿಧಾನ ನಡುಗುತ್ತೆ. ಊದಿದಾಗ ನಡುಗೋದು ನೀರಿನ ಮೇಲೆ ಉಳಿದಿರೋ ಗಾಳಿ, ಗಾಳಿ ಕಮ್ಮಿಯಾದಷ್ಟು ಬೇಗ ನಡುಗುತ್ತೆ. ಒಂದೇ ಬಾಟಲಿ ಎರಡು ಉತ್ತರ ಕೊಟ್ಟಾಗ ಮೂರನೇ ಕ್ಲಾಸಿನ ಮಕ್ಕಳ ಮುಖ ನೋಡ್ಬೇಕು, ಮೋಸ ಆಯ್ತು ಅನ್ನೋ ಥರ ನನ್ನೇ ನೋಡ್ತಾರೆ.

ಹೋದ ವರ್ಷ ಒಂದು ಶುಕ್ರವಾರ ಎಲ್ಲಾ ಸೇರಿ ಐದೂ ಬಾಟಲಿ ಶ್ರುತಿ ಮಾಡಿದ್ವಿ. ಫೋನಲ್ಲಿ ಟ್ಯೂನರ್ ಆ್ಯಪ್ ಹಾಕಿ ನಾನು ಚೆಕ್ ಮಾಡಿ, ನೀರಿನ ಮಟ್ಟಕ್ಕೆ ಮಾರ್ಕರಲ್ಲಿ ಗೆರೆ ಎಳೆದು ಕಿಟಕಿ ಮೇಲೆ ಸಾಲಾಗಿ ಇಟ್ಟು ಹೋದೆ. ಸೋಮವಾರ ಬಂದು ತಟ್ಟೋಕೆ ಶುರು ಮಾಡಿದ್ವಿ, ಸ, ರಿ, ಗ. ನನಗೇನೂ ಅನ್ನಿಸ್ಲಿಲ್ಲ, ನಿಜ ಹೇಳ್ಬೇಕಂದ್ರೆ ನಾನು ಆಗ ಯಾರೋ ಕಿಟಕಿ ಹತ್ತುತ್ತಿದ್ದವನನ್ನ ಇಳಿಸ್ತಿದ್ದೆ. ಹಿಂದಿನ ಬೆಂಚಿಂದ ಒಂದು ದನಿ, "ಮಿಸ್, ಗ ಮೇಲೆ ಹೋಗಿದೆ."

ತಿರುಗಿ ನೋಡಿದ್ರೆ ಆ ಕೈ ಎತ್ತೋ ಹುಡುಗ. ಸೆಪ್ಟೆಂಬರಲ್ಲಿ ಹಾಡೋಕೆ ಶುರು ಮಾಡಿದ್ದ, ಆದ್ರೂ ತಾನಾಗೇ ಮಾತಾಡೋನಲ್ಲ. ನಾನು ಹೋಗಿ ತಟ್ಟಿ ನೋಡಿದೆ, ಸ್ವಲ್ಪ ಮೇಲೆ ಇತ್ತು ನಿಜ. ಹಾಗೇ ವಿಚಾರಿಸಿದಾಗ ಗೊತ್ತಾಯ್ತು, ಬೆಳಿಗ್ಗೆ ಯಾರೋ ಕಿಟಕಿ ಪಕ್ಕದ ಕುಂಡದ ಗಿಡ ಬಾಡಿದೆ ಅಂತ ಕೈಗೆ ಸಿಕ್ಕ ಬಾಟಲಿಯಿಂದ ಒಂದಿಷ್ಟು ನೀರು ಹಾಕಿದಾರೆ. ಸಿಕ್ಕಿದ್ದು ಗ.

"ಗೆರೆ ಇದ್ಯಲ್ಲ, ಅಲ್ಲಿ ತನಕ ತುಂಬ್ಸು" ಅಂತ ಹೇಳಿ ನೀರು ಕೊಟ್ಟೆ. ಅವನು ಬಾಟಲಿ ಎತ್ಕೊಂಡು ಗೆರೆ ಇರೋ ಕಡೆನ ಗೋಡೆಗೆ ತಿರುಗಿಸಿ ಇಟ್ಟ. ಮುಚ್ಚಳದಲ್ಲಿ ಸ್ವಲ್ಪ ನೀರು ತಗೊಂಡು ಹಾಕಿದ, ತಟ್ಟಿದ, ತಲೆ ಅಲ್ಲಾಡಿಸಿದ. ಇನ್ನೊಂದು ಮುಚ್ಚಳ. ಆಮೇಲೆ ಪಕ್ಕದ ಪ ಬಾಟಲಿ ತಟ್ಟಿ, ತನ್ನ ಹೆಸರನ್ನ ತಾನೇ ಮೆತ್ತಗೆ ಹಾಜರಿ ಥರ ಕರ್ಕೊಂಡ, ಪ, ಗ, ಆ ಇಳಿದ ದನೀನ ಹಾಗೇ ಹಿಡ್ಕೊಂಡು ಗ ಬಾಟಲಿ ತಟ್ಟಿ ನೋಡಿದ. ಇಡೀ ಕ್ಲಾಸು ಯಾವಾಗ ಸುಮ್ನಾಯ್ತೋ ನನಗೆ ಗೊತ್ತಾಗ್ಲಿಲ್ಲ. ಇನ್ನರ್ಧ ಮುಚ್ಚಳ ನೀರು ಹಾಕಿ ಮತ್ತೆ ತನ್ನ ಹೆಸರು ಕರೆದ.

ಹಿಂದಿನಿಂದ ಯಾರೋ "ಇದೀನಿ" ಅಂದ್ರು, ಅದೇ ಪ-ಗ ದಲ್ಲಿ. ಅವನು ತಿರುಗೂ ನೋಡ್ಲಿಲ್ಲ, ಬಾಟಲಿ ತಟ್ಟಿ ನೋಡ್ತಾನೇ ಇದ್ದ.